ಹವ್ಯಾಸ: ಮಳೆ ಅಳೆಯುವುದು

ರೆಸ್ಯೂಮೆಯಲ್ಲಿ ಹವ್ಯಾಸ ಅಂತ ಒಂದು ಸಾಲು ಇರುತ್ತಲ್ಲ, ಅಲ್ಲಿ ನಾನೂ ಎಲ್ಲರ ಹಾಗೆ 'ಪುಸ್ತಕ ಓದುವುದು, ಹಾಡು ಕೇಳುವುದು' ಅಂತಲೇ ಬರೆದಿದ್ದೆ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಒಬ್ಬರು 'ಇತ್ತೀಚೆಗೆ ಯಾವ ಪುಸ್ತಕ ಓದಿದಿರಿ?' ಅಂತ ಕೇಳಿದಾಗ ಬಾಯಿಗೆ ಬಂದದ್ದು ಡೇಟಾ ಸ್ಟ್ರಕ್ಚರ್ಸ್ ಪಠ್ಯಪುಸ್ತಕದ ಹೆಸರು. ಅವರು ನಕ್ಕರು. ಕೆಲಸವೇನೋ ಸಿಕ್ಕಿತು. 2023ರಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಮುಗೀತು, ಆಫರ್ ಲೆಟರ್ ಕೈಲಿತ್ತು, ಸೇರುವ ದಿನಾಂಕ ಮಾತ್ರ ಬರಲೇ ಇಲ್ಲ. 'ಶೀಘ್ರದಲ್ಲೇ ತಿಳಿಸುತ್ತೇವೆ' ಅನ್ನೋ ಇಮೇಲ್ ಮೂರು ಸಲ ಬಂತು. ತೀರ್ಥಹಳ್ಳಿ ಹತ್ತಿರದ ನಮ್ಮನೆಗೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದೆ.

ಸ್ವಂತ ವೆಬ್‌ಸೈಟ್ ಇದ್ರೆ ಬೇರೆ ಕಡೆ ಅಪ್ಲೈ ಮಾಡೋಕೆ ಅನುಕೂಲ ಅಂತ ಸೀನಿಯರ್ ಒಬ್ಬರು ಹೇಳಿದ್ರು. ಗಿಟ್‌ಹಬ್ ಪೇಜಸ್‌ನಲ್ಲಿ ದುಡ್ಡು ಕೊಡದೇ ಇಡಬಹುದು. ಒಂದೇ ರಾತ್ರಿಯಲ್ಲಿ ಎಚ್‌ಟಿಎಂಎಲ್ ಬರೆದು ಮುಗಿಸಿದೆ. ಹೆಸರು, ಕಾಲೇಜು, ಮಾರ್ಕ್ಸು, ಪ್ರಾಜೆಕ್ಟ್ ಅಂತ ಒಂದು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ನಮ್ಮ ಬ್ಯಾಚಿನ ಅರ್ಧ ಜನರ ಹತ್ತಿರ ಇದ್ದದ್ದೂ ಅದೇ. ನೋಡಿದರೆ ನನಗೇ ನನ್ನ ಬಗ್ಗೆ ಆಸಕ್ತಿ ಹುಟ್ಟಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಅಜ್ಜನ ಮಳೆ ಪುಸ್ತಕಗಳು. ನಮ್ಮದು ಅಡಿಕೆ ತೋಟ. ಕೊಳೆರೋಗ ಬರಬಾರದು ಅಂದ್ರೆ ಮಳೆಗಾಲಕ್ಕೆ ಮೊದಲು ಒಂದು ಸಲ, ಆಮೇಲೆ 40-45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಎರಡನೇ ಸಲಕ್ಕೆ ಮಳೆ ಬಿಡುವು ಕೊಡೋದನ್ನೇ ಕಾಯಬೇಕು. ಹಾಗಾಗಿ ಅಜ್ಜ 1984ರಿಂದ ಅಂಗಳದ ಮಳೆಮಾಪಕ ನೋಡಿ ದಿನಾ ಬೆಳಿಗ್ಗೆ ಎಂಟೂವರೆಗೆ ಬರೆಯುತ್ತಾರೆ. ಹವಾಮಾನ ಇಲಾಖೆಯವರು ಅಳೆಯೋದೂ ಎಂಟೂವರೆಗೇ. ಅಜ್ಜನಿಗೆ ಆ ಬಗ್ಗೆ ಸ್ವಲ್ಪ ಹೆಮ್ಮೆಯೂ ಇದೆ.

ಪುಸ್ತಕದಲ್ಲಿರೋದು ಇಂಚು, ಸೆಂಟಿನ ಲೆಕ್ಕ. ಎರಡು ತಿಂಗಳು ಕೂತು ಎಲ್ಲಾ ಟೈಪ್ ಮಾಡಿ, ಮಿಲಿಮೀಟರಿಗೆ ಬದಲಾಯಿಸೋ ಪ್ರೋಗ್ರಾಮ್ ಬರೆದು, ಗ್ರಾಫ್ ಮಾಡಿ ತೋರಿಸಿದೆ. ಅಜ್ಜ ಕನ್ನಡಕ ಏರಿಸಿ ಒಂದು ದಿನದ ಮೇಲೆ ಬೆರಳಿಟ್ಟರು. 'ಎಂಥದೇ ಇದು? ಅವತ್ತು ಇಷ್ಟು ಮಳೆ ಎಲ್ಲಿತ್ತು ಮಾರಾಯ್ತಿ?' ಪುಸ್ತಕದಲ್ಲಿ 2-5 ಅಂತಿತ್ತು. ನಾನು 2.5 ಅಂತ ತಗೊಂಡಿದ್ದೆ. ಒಂದಿಂಚಿಗೆ 100 ಸೆಂಟ್. ಎರಡು ಇಂಚು ಐದು ಸೆಂಟ್ ಅಂದ್ರೆ 2.05. ಸುಮಾರು 52 ಮಿಲಿಮೀಟರ್ ಮಳೆ ನನ್ನ ಕೈಯಲ್ಲಿ 63.5 ಆಗಿತ್ತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವಳ ತಪ್ಪನ್ನು ಏಳನೇ ಕ್ಲಾಸಿನವರು ಹಿಡಿದರು.

ಅದನ್ನ ಸರಿಮಾಡಿದ ಮೇಲೆ ಇನ್ನೊಂದು ಕಂಡಿತು. ಅದನ್ನ ಹಿಡಿದಿದ್ದು ನಾನೇ, ಮಾಡಿದ್ದೂ ನಾನೇ.

ಅಜ್ಜನ ಅಂಕಿಗಳು ಹೇಗೆಂದರೆ ಹಾಗೆ ಮುಗಿಯುತ್ತವೆ, 37, 82, 11 ಸೆಂಟ್. ಆಗಸ್ಟ್ 2019ರ ಹನ್ನೊಂದು ದಿನ ಮಾತ್ರ ಎಲ್ಲವೂ ಸೊನ್ನೆಗೋ ಐದಕ್ಕೋ ಮುಗಿದಿದ್ದವು. ಆ ಮಳೆ ನಿಮಗೂ ನೆನಪಿರಬಹುದು, ಮಲೆನಾಡು, ಉತ್ತರ ಕರ್ನಾಟಕ ಎಲ್ಲ ಕಡೆ ನೆರೆ. ಅಜ್ಜ ಆಸ್ಪತ್ರೆಯಲ್ಲಿದ್ದರು, ಅಪ್ಪ ಅಮ್ಮ ಅವರ ಜೊತೆ. 'ಮಳೆ ಬರೆದಿಡು' ಅಂತ ನನಗೆ ಹೇಳಿ ಹೋಗಿದ್ದರು. ಮೊದಲ ದಿನ ಹೋಗಲಿಲ್ಲ, ಎರಡನೇ ದಿನ ಮಾಪಕ ತುಂಬಿ ಹೊರಗೆ ಚೆಲ್ಲಿತ್ತು, ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಅಜ್ಜ ಮನೆಗೆ ಬರೋ ಹಿಂದಿನ ರಾತ್ರಿ ಹನ್ನೊಂದು ಸಂಖ್ಯೆ ಬರೆದು ಇಟ್ಟೆ.

ಅಡಿಕೆ ಕೊಳೆತಿದ್ದರ ಬಗ್ಗೆ ಮಾತು ಬಂದಾಗೆಲ್ಲ ಅಜ್ಜ ಆ ಅಂಕಿಗಳನ್ನೇ ಊರವರಿಗೆ ಹೇಳುತ್ತಿದ್ದರು. 'ಮೊಮ್ಮಗಳು ಅಳೆದದ್ದು' ಅಂತ ಬೇರೆ.

ಸುಮ್ಮನಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ವಾರ ಸುಮ್ಮನೇ ಇದ್ದೆ ಕೂಡ. ಕೊನೆಗೆ ಸಂಜೆ ಕಾಫಿ ಕುಡಿಯೋವಾಗ ಹೇಳಿಬಿಟ್ಟೆ. ಅಜ್ಜ ಬಯ್ಯಲಿಲ್ಲ. ಲೋಟ ಕೆಳಗಿಟ್ಟು ತೋಟದ ಕಡೆ ಹೋದರು. ರಾತ್ರಿ ಊಟಕ್ಕೂ ಮಾತಿಲ್ಲ. ಅಜ್ಜಿ ನನ್ನ ಮುಖ, ಅವರ ಮುಖ ನೋಡಿದ್ದೇ ಬಂತು.

ಮಾರನೇ ದಿನ ಮಳೆ ಬರೆದ ಮೇಲೆ 2019ರ ಪುಸ್ತಕ ತಂದು ನನ್ನ ಮುಂದೆ ಹಾಕಿದರು. 'ಹೊಡೆದು ಹಾಕಬೇಡ. ಪಕ್ಕದಲ್ಲಿ ಅಂದಾಜು ಅಂತ ಬರೆದು ನಿನ್ನ ಸಹಿ ಹಾಕು.' ಹನ್ನೊಂದು ಸಲ ಸಹಿ ಹಾಕಿದೆ. ವೆಬ್‌ಸೈಟಿನಲ್ಲೂ ಆ ದಿನಗಳ ಕಂಬಗಳು ಬೂದು ಬಣ್ಣದಲ್ಲಿವೆ, ಕೆಳಗೆ ಕಾರಣ ಬರೆದಿದೆ.

ಕಾದ ಕಂಪನಿಯಿಂದ ಕರೆ ಬರಲೇ ಇಲ್ಲ. ಬೇರೆ ಒಂದು ಸಣ್ಣ ಕಂಪನಿಯ ಇಂಟರ್‌ವ್ಯೂನಲ್ಲಿ ಆ ಬೂದು ಕಂಬಗಳ ಬಗ್ಗೆಯೇ ಇಪ್ಪತ್ತು ನಿಮಿಷ ಕೇಳಿದರು. ಲೈಬ್ರರಿ ಪ್ರಾಜೆಕ್ಟ್ ಯಾರೂ ಕೇಳಲಿಲ್ಲ. ಈಗ ಬೆಂಗಳೂರಲ್ಲಿದ್ದೀನಿ. ಮಳೆಗಾಲದಲ್ಲಿ ಎಂಟೂವರೆ ದಾಟಿದ ಕೂಡಲೇ ಅಜ್ಜನ ಫೋನ್ ಬರುತ್ತೆ. ಹೇಗಿದ್ದೀಯ ಅಂತ ಕೇಳೋದು ಆಮೇಲೆ, ಮೊದಲು ಅಂಕಿ. ಇವತ್ತು ಮೆಟ್ರೋದಲ್ಲಿ ನಿಂತುಕೊಂಡೇ ಕೇಳಿಸಿಕೊಂಡೆ. ಒಂದು ಇಂಚು ಎಂಟು ಸೆಂಟ್. 1.08 ಅಂತ ಹಾಕಿದೆ.