ಚಾರ್ಲ್ಸ್‌ಟನ್ನಿನ ಎಳ್ಳುಬೆಲ್ಲ

ಚಾರ್ಲ್ಸ್‌ಟನ್ನಿನಲ್ಲಿ ನಿಲ್ಲಬೇಕೆಂದುಕೊಂಡಿದ್ದು 3 ದಿನ, ನಿಂತದ್ದು 22 ದಿನ.

ಅಮೆರಿಕದ ಪೂರ್ವ ಕರಾವಳಿಯ ಒಳಬದಿಯಲ್ಲಿ ನದಿ, ಕಾಲುವೆ, ಹಿನ್ನೀರುಗಳನ್ನು ಸೇರಿಸಿ ಮಾಡಿದ ಜಲಮಾರ್ಗವೊಂದಿದೆ. ಚಳಿ ಶುರುವಾದರೆ ಸಣ್ಣ ದೋಣಿಗಳವರು ವಲಸೆ ಹಕ್ಕಿಗಳ ಹಾಗೆ ಅದರಲ್ಲಿ ಫ್ಲಾರಿಡಾದ ಕಡೆ ಹೊರಡುತ್ತಾರೆ. ನಿವೃತ್ತರಾದ ಮೇಲೆ ನನ್ನ ಗಂಡ ಕೊಂಡ ಹಳೆಯ ಹಾಯಿದೋಣಿಯಲ್ಲಿ ನಾವೂ ಹೊರಟಿದ್ದೆವು, ಎಲ್ಲರಿಗಿಂತ ತಡವಾಗಿ. ಜನವರಿಯ ಮೊದಲ ವಾರ ಚಾರ್ಲ್ಸ್‌ಟನ್ ಬಂದರನ್ನು ಹೊಗುವಾಗಲೇ ಎಂಜಿನ್ನಿಗೆ ನೀರು ಹಾಯಿಸುವ ಪಂಪು ಕೈಕೊಟ್ಟಿತು.

ಎದುರಿಗೆ ಸಮ್ಟರ್ ಕೋಟೆ. 1861ರ ಏಪ್ರಿಲ್ 12ರಂದು ಇದರ ಮೇಲೆ ಫಿರಂಗಿ ಹಾರಿಸುವುದರೊಂದಿಗೆ ಅಮೆರಿಕದ ಅಂತರ್ಯುದ್ಧ ಶುರುವಾಯಿತು. "ಅಣ್ಣತಮ್ಮಂದಿರ ಜಗಳ" ಎಂದರು ಗಂಡ, ಪಂಪು ಬಿಚ್ಚುತ್ತಲೇ. ನಾನು ಮಾತಾಡಲಿಲ್ಲ. ಅಂಥ ಮಾತು ಬಂದಾಗಲೆಲ್ಲ ನನಗೆ ಮಂಡ್ಯದಲ್ಲಿರುವ ತಮ್ಮ ನೆನಪಾಗುತ್ತಾನೆ.

ಅಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ನಾನು ಹೋದದ್ದು ಒಂದೇ ಸಲ, ಹನ್ನೊಂದು ದಿನಕ್ಕೆ. ಉಳಿದಂತೆ ದುಡ್ಡು ಕಳಿಸಿದೆ, ಫೋನಿನಲ್ಲಿ ಬುದ್ಧಿ ಹೇಳಿದೆ. ಅಮ್ಮ ಹೋದ ಮೇಲೆ ಮನೆ ಮಾರಿದರು. ಆಗ ನಾನು ಕೇಳಿದ್ದು ಲೆಕ್ಕ. ತಮ್ಮ ಪೈಸೆ ಪೈಸೆಗೂ ಲೆಕ್ಕ ಬರೆದು ಕಳಿಸಿದ. ಆಮೇಲೂ ನಾವು ಜಗಳವಾಡಲಿಲ್ಲ. ಹಬ್ಬಕ್ಕೆ ಫೋನು ಮಾಡಿ, "ಊಟ ಆಯ್ತಾ, ಮಕ್ಕಳು ಚೆನ್ನಾಗಿದ್ದಾರಾ" ಎಂದು ಕೇಳಿ ಇಡುತ್ತಿದ್ದೆವು.

ಹೊಸ ಪಂಪು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತ ಆಶ್ಲಿ ನದಿಯ ದಡದಲ್ಲಿ ದೋಣಿ ಕಟ್ಟಿ ಕೂತೆವು. ಅಲ್ಲಿ ಉಬ್ಬರ ಇಳಿತಕ್ಕೆ ನೀರು 5-6 ಅಡಿ ಏರಿಳಿಯುತ್ತದೆ. ರಾತ್ರಿಯಿಡೀ ಹಗ್ಗಗಳ ಕಿರ್ರೋ ಶಬ್ದ, ಬೆಳಿಗ್ಗೆ ಕಿಟಕಿಯ ಒಳಗಡೆ ತೊಟ್ಟಿಕ್ಕುವ ತೇವ. ಚಳಿ ತಡೆಯಲಾರದೆ ದಿನಾ ಊರು ಸುತ್ತಲು ಹೋಗುತ್ತಿದ್ದೆ.

ಹಳೆಯ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ 'ಬೆನ್ನೆ' ಎಂದು ಬರೆದಿತ್ತು. ನಾನು ಓದಿಕೊಂಡದ್ದು ಬೆಣ್ಣೆ ಎಂದೇ. ಬಾಯಿಗಿಟ್ಟರೆ ಎಳ್ಳು! ಹುರಿದ ಎಳ್ಳು, ಬೆಲ್ಲದಂಥ ಕಂದು ಸಕ್ಕರೆ. ಅವರ ಬಾಯಲ್ಲಿ ಅದು 'ಬೆನ್ನಿ'. ಪಶ್ಚಿಮ ಆಫ್ರಿಕಾದ ಭಾಷೆಗಳಲ್ಲಿ ಎಳ್ಳಿಗಿರುವ ಹೆಸರದು. ಗುಲಾಮರಾಗಿ ಬಂದವರ ಜೊತೆ ಈ ಊರಿಗೆ ಬಂತು. ಪಕ್ಕದಲ್ಲಿ ಒಬ್ಬ ಕಪ್ಪು ಹೆಂಗಸು ಹುಲ್ಲಿನ ಬುಟ್ಟಿ ಹೆಣೆಯುತ್ತ ಕೂತಿದ್ದರು. ಅಗಲವಾದ, ಹೆಚ್ಚು ಆಳವಿಲ್ಲದ ಒಂದನ್ನು ಎತ್ತಿಕೊಂಡು ನನಗೆ ಗೊತ್ತಿಲ್ಲದೆಯೇ ಕೇರುವ ಹಾಗೆ ಆಡಿಸಿದೆ. ಅವರು ನಕ್ಕರು. ಅದು ಭತ್ತ ಕೇರುವುದಕ್ಕೇ ಇದ್ದ ಬುಟ್ಟಿ. ನಮ್ಮ ಮೊರದ ಕೆಲಸ, ಆಕಾರ ಮಾತ್ರ ದುಂಡು.

ಈ ಊರಿನ ಸಿರಿವಂತಿಕೆಯೆಲ್ಲ ಭತ್ತದ್ದು. ಉಬ್ಬರ ಬಂದಾಗ ನದಿಯ ಸಿಹಿನೀರು ಮೇಲೇರುತ್ತದೆ. ಆಗ ತೂಬು ತೆರೆದು ಗದ್ದೆಗೆ ನೀರು ಬಿಡುವುದು, ಇಳಿತದಲ್ಲಿ ಬಸಿಯುವುದು. ವಿಶ್ವೇಶ್ವರಯ್ಯ ನಾಲೆಯ ಪಕ್ಕದಲ್ಲಿ ಬೆಳೆದ ನನಗೆ ತೂಬು ಗೊತ್ತು. ಆದರೆ ಜೌಗಿನಲ್ಲಿ ಆ ಗದ್ದೆಗಳನ್ನು ಕಡಿದು ಕಟ್ಟಿದವರಲ್ಲಿ ಒಬ್ಬರಿಗೂ ಕೂಲಿ ಇರಲಿಲ್ಲ.

ಅವರನ್ನು ಇಳಿಸುತ್ತಿದ್ದ ಜಾಗಗಳಲ್ಲೊಂದು ಕೂಪರ್ ನದಿಯ ಗ್ಯಾಡ್ಸ್‌ಡನ್ ದಕ್ಕೆ. ಅಲ್ಲಿ 2023ರಲ್ಲಿ ಆಫ್ರಿಕನ್ ಅಮೆರಿಕನ್ನರ ಮ್ಯೂಸಿಯಂ ತೆರೆದಿದ್ದಾರೆ. ಆ ನೆಲವನ್ನು ತುಳಿಯದಂತೆ ಇಡೀ ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಕೆಳಗೆ ನೆಲದಲ್ಲಿ ಹಡಗಿನ ತಳದಲ್ಲಿ ತುಂಬಿದ ಹಾಗೆ ಒತ್ತೊತ್ತಾಗಿ ಮಲಗಿದ ಮನುಷ್ಯರ ಆಕಾರಗಳು. ಅವುಗಳ ಮೇಲೆ ತೆಳ್ಳಗೆ ನೀರು ತುಂಬುತ್ತದೆ, ಇಳಿಯುತ್ತದೆ. ನಾನು ಹೋದಾಗ ನೀರು ಇಳಿದಿತ್ತು. ಬಹಳ ಹೊತ್ತು ನಿಂತೆ. ಸಮ್ಟರ್ ಕೋಟೆಯದು ಬರೀ ಅಣ್ಣತಮ್ಮಂದಿರ ಜಗಳವಲ್ಲ ಅನ್ನಿಸಿತು. ಹಾಗೆಂದುಬಿಟ್ಟರೆ, ಯಾರ ದುಡಿಮೆಗಾಗಿ ಆ ಯುದ್ಧ ನಡೆಯಿತೋ ಅವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ.

ಲೆಕ್ಕ ಎಂದುಕೊಂಡಾಗ ತಮ್ಮ ಬರೆದು ಕಳಿಸಿದ ಹಾಳೆ ಕಣ್ಣ ಮುಂದೆ ಬಂತು. ಆಸ್ಪತ್ರೆ, ಔಷಧಿ, ನೋಂದಣಿ ಖರ್ಚು. ರಾತ್ರಿ ಎದ್ದು ಅಮ್ಮನ ಮಗ್ಗುಲು ಬದಲಿಸಿದ ನಾದಿನಿಯ ಎರಡು ವರ್ಷ ಅದರಲ್ಲಿರಲಿಲ್ಲ. ಅವರು ಬರೆಯಲಿಲ್ಲ, ನಾನು ಕೇಳಲಿಲ್ಲ. ಒಂದು ಜಾತಿಯ ಮೇಲೆ ನಡೆದ ಅಷ್ಟು ದೊಡ್ಡ ಅನ್ಯಾಯವನ್ನು ನನ್ನ ಮನೆಯ ಸಣ್ಣತನಕ್ಕೆ ಹೋಲಿಸುತ್ತಿಲ್ಲ. ಆದರೆ ಈ ಊರು ಮಾಡಿದ್ದನ್ನು ಮಾಡಿದ ಜಾಗದಲ್ಲೇ ನಿಂತು ಹೇಳುತ್ತಿತ್ತು. ನನಗೆ ಒಂದು ಫೋನಿನಲ್ಲಿ ಅಷ್ಟು ಹೇಳಲಾಗಿರಲಿಲ್ಲ.

ಜನವರಿ 13ರ ರಾತ್ರಿ, ಊರಿನಲ್ಲಿ ಸಂಕ್ರಾಂತಿಯ ಬೆಳಗು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಎಂದು ಅಮ್ಮ ಹೇಳುತ್ತಿದ್ದಳು. ಒಳ್ಳೆ ಮಾತೆಂದರೆ ಸಿಹಿ ಮಾತೆಂದೇ ನಾನು ತಿಳಿದಿದ್ದೆ. ಬಿಸ್ಕತ್ತೊಂದನ್ನು ಬಾಯಿಗೆ ಹಾಕಿಕೊಂಡು ಫೋನು ಮಾಡಿದೆ.

"ಅಮ್ಮನ್ನ ನೋಡ್ಕೊಂಡಿದ್ದು ನೀವಿಬ್ರು ಕಣೋ. ನಾನು ಬರ್ಲಿಲ್ಲ. ಬಂದು ಲೆಕ್ಕ ಬೇರೆ ಕೇಳ್ದೆ. ತಪ್ಪಾಯ್ತು."

ಆ ಕಡೆ ಸದ್ದಿಲ್ಲ. ಕುಕ್ಕರ್ ಎರಡು ಸಲ ಕೂಗಿತು. ಆಮೇಲೆ ಕೇಳಿದ: "ಅಲ್ಲಿ ಎಳ್ಳು ಸಿಗ್ತದಾ ಅಕ್ಕಾ?"

"ಸಿಗ್ತದೆ. ಇಲ್ಲಿ ಅದಕ್ಕೆ ಬೆಣ್ಣೆ ಅಂತಾರೆ."

"ತಡಿ, ಇವಳ ಕೈಗೆ ಕೊಡ್ತೀನಿ. ಅದನ್ನೇ ಇವಳಿಗೂ ಹೇಳು."

ಎಳ್ಳಿನ ವಿಷಯ ಹೇಳಲೋ, ಮೊದಲು ಹೇಳಿದ್ದನ್ನು ಹೇಳಲೋ ಎಂದು ನಾನು ಕೇಳಲಿಲ್ಲ. ಎರಡನ್ನೂ ಹೇಳಿದೆ.