ಸವರಿದ ಅಂಚು

ಮುದ್ರಣಾಲಯವೊಂದರಲ್ಲಿ ಲಗ್ನಪತ್ರಿಕೆಯ ಕರಡು ತಿದ್ದುತ್ತ ಕುಳಿತಿದ್ದಾಗ, ಪಕ್ಕದ ಕೋಣೆಯಲ್ಲಿ ಹುಡುಗನೊಬ್ಬನು ಹೊಲಿದ ಪುಸ್ತಕಗಳನ್ನು ಕಟಿಂಗ್ ಯಂತ್ರಕ್ಕೊಡ್ಡಿ ಮೂರು ಪಕ್ಕಗಳನ್ನೂ ನುಣ್ಣಗೆ ಸವರುತ್ತಿದ್ದುದನ್ನು ಕಂಡೆನು. ನೆಲದ ಮೇಲೆ ಬಿಳಿಯ ಪಟ್ಟಿಗಳ ರಾಶಿ. ಉಳಿದವರಿಗೆ ಅದು ರದ್ದಿ. ನನಗಾದರೋ ಫ್ರೆಂಚ್ ಪ್ರಬಂಧಕಾರ ಮಾಂಟೇನನ ಸ್ಮರಣೆಯಾಯಿತು.

ಬೋರ್ಡೋ ನಗರದಲ್ಲಿ 1580ರಲ್ಲಿ ಎರಡು ಭಾಗಗಳಾಗಿ ಅಚ್ಚಾದ ಆತನ ಪ್ರಬಂಧಗಳು, 1588ರಲ್ಲಿ ಮೂರನೆಯ ಭಾಗವನ್ನೂ ಕೂಡಿಕೊಂಡು ಪ್ಯಾರಿಸಿನಲ್ಲಿ ಹೊರಬಂದ ಮೇಲೆ, ಇನ್ನೊಬ್ಬನಾಗಿದ್ದರೆ ಕೃತಕೃತ್ಯನಾದೆನೆಂದು ಸುಮ್ಮನಾಗುತ್ತಿದ್ದನು. ಈತನೋ ಅದರದೊಂದು ಪ್ರತಿಯನ್ನು ಮುಂದಿಟ್ಟುಕೊಂಡು, 1592ರಲ್ಲಿ ಕಾಲವಾಗುವವರೆಗೂ, ಅಚ್ಚಿನ ಸುತ್ತಲಿನ ಅಂಚುಗಳನ್ನೆಲ್ಲ ತನ್ನ ಹಸ್ತಾಕ್ಷರದಿಂದ ತುಂಬುತ್ತ ಹೋದನು. ಬರೆದುದನ್ನು ಹೊಡೆದುಹಾಕುವುದಕ್ಕಿಂತ ಅದರ ಮಗ್ಗುಲಿಗೆ ಮತ್ತೊಂದನ್ನು ಸೇರಿಸುವುದೇ ಅವನಿಗೆ ಪ್ರಿಯ. ಐವತ್ತೈದು ದಾಟಿದ ಮಾಂಟೇನನು ನಲವತ್ತೇಳರ ಮಾಂಟೇನನ ಮಾತಿಗೆ ತಕರಾರು ತೆಗೆಯುತ್ತಾನೆ, ಆದರೆ ಅವನ ಬಾಯಿ ಮುಚ್ಚಿಸುವುದಿಲ್ಲ. ಪ್ರಾಮಾಣಿಕವಾದ ಪ್ರಬಂಧದ ಮರ್ಮವೆಲ್ಲ ಇಷ್ಟೆಯೆಂಬುದು ನನ್ನ ಪಕ್ಷಪಾತದ ತೀರ್ಮಾನ. ಕರಬೂಜದ ಹಣ್ಣಿನ ಚಪಲ, ಮೂತ್ರಪಿಂಡದ ಕಲ್ಲಿನ ಯಾತನೆ, ಊಟದ ಆತುರದಲ್ಲಿ ನಾಲಗೆಯನ್ನೂ ಒಮ್ಮೊಮ್ಮೆ ಬೆರಳನ್ನೂ ಕಚ್ಚಿಕೊಳ್ಳುವ ಚಾಳಿ, ಇವನ್ನು ಹೇಳಿಕೊಳ್ಳುವ ಧ್ವನಿಯಲ್ಲಿಯೇ ಮರಣವನ್ನು ಕುರಿತೂ ಮಾತನಾಡಬಲ್ಲವನು ಅವನು. ಸರ್ವವನ್ನೂ ಹೇಳಿಬಿಟ್ಟನೆಂದಲ್ಲ. 1585ರಲ್ಲಿ ಬೋರ್ಡೋವಿಗೆ ಪ್ಲೇಗು ಬಂದಾಗ, ಮೇಯರ್ ಪದವಿಯ ಕಡೆಯ ದಿನಗಳಲ್ಲಿದ್ದ ಈ ಮಹಾನುಭಾವನು ಊರೊಳಕ್ಕೆ ಕಾಲಿಡದೆ ಹೊರಗೇ ಉಳಿದ ಸಂಗತಿಗೆ ಗ್ರಂಥದಲ್ಲಿ ಎಡೆಯಿಲ್ಲ. ಪ್ರಬಂಧವು ನ್ಯಾಯಸ್ಥಾನದ ಸಾಕ್ಷ್ಯವಲ್ಲವಷ್ಟೆ, ಹೋಗಲಿ.

ಆದರೆ ಕ್ಷಮಿಸಲಾಗದವನು ಬೇರೊಬ್ಬನಿದ್ದಾನೆ. ಆ ಅಮೂಲ್ಯ ಪ್ರತಿಗೆ ಹೊಸ ರಟ್ಟು ಕಟ್ಟಿದ ಪುಣ್ಯಾತ್ಮನು, ಪುಸ್ತಕವು ಅಂದವಾಗಿರಲೆಂಬ ಸದುದ್ದೇಶದಿಂದ ಅಂಚುಗಳನ್ನು ಸವರಿದನು. ಅಂಚಿನೊಡನೆ ಮಾಂಟೇನನ ಸಾಲುಗಳ ತುದಿಗಳೂ ಹಾರಿಹೋದವು. ಅಲ್ಲೊಂದು ಪದಕ್ಕೆ ಬಾಲವಿಲ್ಲ, ಇಲ್ಲೊಂದು ಪದಕ್ಕೆ ತಲೆಯಿಲ್ಲ.

ಈ ವ್ಯಥೆ ನನಗೆ ಇಷ್ಟು ಆಪ್ತವಾಗುವುದಕ್ಕೆ ಕಾರಣವುಂಟು. ನನ್ನ ಸೋದರಮಾವನ ಬಳಿ ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಇದ್ದಿತು. 1937ರಲ್ಲಿ ಬೆಳಕು ಕಂಡ ಆ ಪ್ರಬಂಧಸಂಕಲನವನ್ನು ಮಾವ ಓದುತ್ತಿರಲಿಲ್ಲ, ಅದರೊಡನೆ ವಾದಿಸುತ್ತಿದ್ದರು. ಸಂಶಯವನ್ನು ಸಂಶಯವಾಗಿಯೇ ಓದುಗನ ಮುಂದಿಟ್ಟು, ಗೆದ್ದೆನೆಂಬ ಭಾವವನ್ನು ಎಲ್ಲಿಯೂ ತೋರದ ರಾಯರ ಸೌಜನ್ಯವೇ ಅವರನ್ನು ಕೆಣಕುತ್ತಿದ್ದಿರಬೇಕು. ಪುಟಪುಟದ ಮಗ್ಗುಲಿಗೂ ಮೊಂಡು ಪೆನ್ಸಿಲ್ಲಿನ ಟಿಪ್ಪಣಿ. ಕಾಲಕ್ರಮದಲ್ಲಿ ಹೊಲಿಗೆ ಸಡಿಲಿದ ಪುಸ್ತಕವು ಬೈಂಡರೊಬ್ಬನ ಕೈಗೆ ಹೋಗಿ, ಕ್ಯಾಲಿಕೋ ಬೆನ್ನು, ಬಣ್ಣದ ರಟ್ಟು, ಸವರಿದ ಅಂಚುಗಳೊಡನೆ ಮದುವಣಗಿತ್ತಿಯಂತೆ ಹಿಂದಿರುಗಿತು. ಒಂದು ಪುಟದಲ್ಲಿ ಮಾವನ ಸಾಲು ಹೀಗೆ ನಿಂತಿದೆ: “ರಾಯರ ಈ ಮಾತನ್ನು ನಾನು ಒಪ್ಪು”. ಒಪ್ಪುತ್ತೇನೆಯೋ, ಒಪ್ಪುವುದಿಲ್ಲವೋ? ನಿರ್ಣಯವು ರದ್ದಿಯ ಚೀಲವನ್ನು ಸೇರಿತು.

ಮಾಂಟೇನನಿಗಾದರೆ ಮಾರಿ ದ ಗೂರ್ನೆ ಇದ್ದಳು. ಆತನು ಮಗಳೆಂದೇ ಭಾವಿಸಿದ್ದ ಆ ವಿದುಷಿಯು, ಅವನ ಪತ್ನಿಯ ಕಡೆಯಿಂದ ಬಂದ ಬೇರೊಂದು ಪ್ರತಿಯನ್ನು ಆಧರಿಸಿ 1595ರಲ್ಲಿ ಗ್ರಂಥವನ್ನು ಪ್ರಕಟಿಸಿ, ಅಚ್ಚಾದ ಬಳಿಕವೂ ತಪ್ಪುಗಳನ್ನು ಸ್ವಹಸ್ತದಿಂದ ತಿದ್ದಿದಳು. ಆ ಆವೃತ್ತಿಯನ್ನು ಹಳಿಯುವ ಪಂಡಿತರಿಗೂ, ಕತ್ತರಿಗೆ ಸಿಕ್ಕಿದ ಮಾತುಗಳನ್ನು ತುಂಬಬೇಕಾದಾಗ ಅದೇ ಗತಿ.

ನಮ್ಮ ಮನೆಯಲ್ಲಿ ಹಾಗೆ ತುಂಬಿಕೊಡುವ ಅಧಿಕಾರವಿದ್ದುದು ಅತ್ತೆಯೊಬ್ಬರಿಗೇ. ಮಾವ ಹೋದ ಮೇಲೆ ಪುಸ್ತಕವನ್ನು ಅವರ ಮುಂದಿಟ್ಟು ಕೇಳಿದೆನು. ಕನ್ನಡಕವನ್ನೂ ಏರಿಸದೆ, “ನಿಮ್ಮ ಮಾವ ಯಾರ ಮಾತು ಒಪ್ಪಿದ್ದು ನೋಡಿದೀಯ? ‘ಒಪ್ಪುವುದಿಲ್ಲ’ ಅಂತಲೇ ಬರ್ಕೋ” ಎಂದರು. ಹಾಗೆಯೇ ಬರೆದುಕೊಂಡೆನು. ಅದೇ ಪ್ರಬಂಧದ ಕೊನೆಯಲ್ಲಿ, ಅಂಚಿನಿಂದ ಒಳಗೆ ಬರೆದದ್ದರಿಂದ ಬದುಕಿಕೊಂಡ “ಭೇಷ್” ಒಂದಿದೆ. ಅದನ್ನು ತೋರಿಸಿದರೆ, ಅದು ಮಾವನ ಅಕ್ಷರವೇ ಅಲ್ಲವೆಂದು ಅತ್ತೆಯ ಸಾಧನೆ.