ಬರಿಯ ಸಕ್ಕರೆ

ಹುಬ್ಬಳ್ಳಿಯ ಶ್ರಾವಕರೊಬ್ಬರ ಮನೆಯಲ್ಲಿ ಸೋಸದ ನೀರನ್ನು ಯಾರೂ ಕುಡಿಯುವುದಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿದಿರುತ್ತದೆ. ಗಡ್ಡೆಗೆಣಸುಗಳಿಗೆ ಪ್ರವೇಶವೇ ಇಲ್ಲ. ಆ ಮನೆಯ ಎಂಟು ವರ್ಷದ ಬಾಲಕ ಶಾಲೆ ಬಿಟ್ಟೊಡನೆ ಗೇಟಿನೆದುರು ಬೊಂಬಾಯಿ ಮಿಠಾಯಿ ಕೊಳ್ಳುತ್ತಿದ್ದ. ಹಣ ಕೊಡುತ್ತಿದ್ದವರು ಅಜ್ಜನೇ. ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಬರಿಯ ಸಕ್ಕರೆ ತಾನೆ ಎಂಬುದು ಅವರ ಸಮಾಧಾನ.

2024ರ ಮಾರ್ಚ್ ತಿಂಗಳಲ್ಲಿ ಆ ಸಮಾಧಾನ ಕೆಟ್ಟಿತು. ರಾಜ್ಯದಲ್ಲಿ ಪರೀಕ್ಷಿಸಿದ ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15, ಗೋಬಿ ಮಂಚೂರಿಯ 171ರಲ್ಲಿ 107 ಅಸುರಕ್ಷಿತ ಕೃತಕ ಬಣ್ಣದಿಂದ ಕೂಡಿದ್ದವೆಂದು ಆರೋಗ್ಯ ಇಲಾಖೆ ಪ್ರಕಟಿಸಿ, ಆ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಮಿಠಾಯಿಯ ಹೊಳೆಯುವ ಗುಲಾಬಿಗೆ ಕಾರಣವಾದ ರೋಡಮಿನ್-ಬಿ ಬಟ್ಟೆ, ಕಾಗದಗಳಿಗೆ ಹಾಕುವ ಬಣ್ಣ.

ಅಜ್ಜ ಕೋಪದಿಂದಲೇ ಶಾಲೆಯ ಬಳಿಗೆ ಹೋದರು. ಮಾರುವ ಯುವಕ ಹೆಸರಿಲ್ಲದ ಬಣ್ಣದ ಪೊಟ್ಟಣವೊಂದನ್ನು ತೋರಿಸಿದ. “ಪ್ಯಾಟ್ಯಾಗ ಇದನ್ನ ಕೊಡ್ತಾರ್ರಿ ಅಜ್ಜಾರ. ಬಿಳೀದು ಮಾಡಿದ್ರ ಹುಡುಗ್ರು ತಗೊಳ್ಳಂಗಿಲ್ಲ.”

ಕೀಳು ವಸ್ತುವನ್ನು ಬೆರೆಸಿ ಒಳ್ಳೆಯದೆಂದು ಮಾರುವ ಪ್ರತಿರೂಪಕ ವ್ಯವಹಾರವನ್ನು ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಇಲ್ಲಿ ಆ ದೋಷ ಯಾರದು? ಅರಿಯದೆ ಬೆರೆಸಿದವನದೋ, ಅರಿತೂ ಪೊಟ್ಟಣ ಮಾರಿದವನದೋ? ಒಮ್ಮೆಯೂ ವಿಚಾರಿಸದೆ ದಿನವೂ ಹಣ ಕೊಟ್ಟ ಕೈಯನ್ನು ಅಜ್ಜ ಮೊದಲ ಬಾರಿಗೆ ಲೆಕ್ಕಕ್ಕೆ ಹಿಡಿದರು. ನೀರಿನ ಸೂಕ್ಷ್ಮಜೀವಿಗೆ ತೋರಿದ ಎಚ್ಚರಿಕೆ ಮೊಮ್ಮಗನ ಪಾಲಿಗೆ ಬಂದಿರಲಿಲ್ಲ.

ಬಸದಿಯ ಟ್ರಸ್ಟಿನ ಸಭೆಯಲ್ಲಿ, ಗಾಡಿಗಳನ್ನೆಲ್ಲ ತೆಗೆಸಲು ಮನವಿ ಕೊಡೋಣವೆಂದರು ಕೆಲವರು. ಕಾನೂನಿನ ಆಧಾರವೂ ಇತ್ತು: ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾದ ತಿನಿಸುಗಳನ್ನು ಶಾಲೆಯ ಆವರಣದಿಂದ 50 ಮೀಟರಿನೊಳಗೆ ಮಕ್ಕಳಿಗೆ ಮಾರಬಾರದೆಂದು 2020ರ ಕೇಂದ್ರ ನಿಯಮ ಹೇಳುತ್ತದೆ. ಬಣ್ಣ ಹೋದರೂ ಸಕ್ಕರೆ ಸಕ್ಕರೆಯೇ. ಆದರೆ ಗಾಡಿ ಹೋದ ಮೇಲೆ ಆ ಯುವಕನ ಒಲೆ ಹೇಗೆ ಉರಿಯಬೇಕೆಂದು ಅಜ್ಜ ಕೇಳಿದಾಗ ಸಭೆ ಸುಮ್ಮನಾಯಿತು. ಹುರಿದ ಶೇಂಗಾ, ಪುಟಾಣಿ, ಚುರಮರಿಗಳಿಗೆ ಬಣ್ಣವೂ ಬೇಡ, ನೀರೂ ಬೇಡ. ಮೊದಲ ತಿಂಗಳ ಸಾಮಾನು ತಾವೇ ಕೊಡಿಸುವುದಾಗಿ ಅವರು ಹೇಳಿದರು. ಗಾಡಿಯವರು ಕೈ ತೊಳೆಯಲು ಬಸದಿಯ ನಲ್ಲಿಯನ್ನು ಬಿಡುವ ವಿಷಯ ಮಾತ್ರ, ವಾಡಿಕೆಯಂತೆ, ಮುಂದಿನ ಸಭೆಗೆ ಹೋಯಿತು.

ಯುವಕ ಒಪ್ಪಿದ. ಮೊಮ್ಮಗ ಮೊದಲ ದಿನ ಮುಖ ಸಿಂಡರಿಸಿ, ಪೊಟ್ಟಣವನ್ನು ಗೆಳೆಯನಿಗೆ ಕೊಟ್ಟುಬಿಟ್ಟ. ವ್ಯಾಪಾರ ಇನ್ನೂ ಮೊದಲಿನಷ್ಟಿಲ್ಲ. ಅಜ್ಜ ಸಂಜೆ ಹೋದಾಗ ಎರಡು ಪೊಟ್ಟಣ ಹೆಚ್ಚಿಗೆ ಕೊಳ್ಳುತ್ತಾರೆ. ಶೇಂಗಾ ಎಲ್ಲಿಂದ ತಂದದ್ದೆಂದು ಕೇಳಿಯೇ ಹಣ ಕೊಡುತ್ತಾರೆ.